‘ಯಾರಿಗೂ ಹೇಳಬೇಡಿ’ ಅಂದ ಹುಡುಗ, ನಿದ್ದೆಗೆಟ್ಟ ಮನೆಯಾಕೆ

ಬೇರೆಯವರ ಮಕ್ಕಳ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು, ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬರುವವರು ಜಾಸ್ತಿಯಾಗುತ್ತಿದ್ದಾರೆ. ಓದಲು ಬಂದ ಅಣ್ಣನ ಮಗಳು, ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ವಿದ್ಯಾರ್ಥಿ, ಗಂಡನ ಸ್ನೇಹಿತರ ಮಗ. ‘ಆಂಟಿ, ಅಮ್ಮನಿಗೆ ಹೇಳಬೇಡಿ’ ಅಂದಿರುತ್ತಾರೆ. ಇವರು ‘ಆಯ್ತು’ ಅಂದಿರುತ್ತಾರೆ. ಆಮೇಲೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಅಂಥ ಒಬ್ಬ ಗೃಹಿಣಿಯ ಪ್ರಕರಣವನ್ನು ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಇಲ್ಲಿ ಹಾಕಿ ಅಂದರೆ ಐಸ್ ಹಾಕಿ, ನಮ್ಮ ಕೊಡಗಿನ ಮೈದಾನದ ಹಾಕಿಯಲ್ಲ. ಜೂನಿಯರ್ ಲೀಗ್‌ಗಳಲ್ಲಿ ಆಡುವವರಲ್ಲಿ ಹೆಚ್ಚಿನವರು 16ರಿಂದ 20 ವರ್ಷದ ಹುಡುಗರು. ಎಷ್ಟೋ ಮಂದಿ ಊರು ಬಿಟ್ಟು ಬಂದಿರುತ್ತಾರೆ. ತಂಡ ಅವರನ್ನು ಆ ಊರಿನ ಮನೆಗಳಲ್ಲಿ ಇರಿಸುತ್ತದೆ. ಇಂಥ ಮನೆಗೆ ಬಿಲೆಟ್ ಕುಟುಂಬ ಅನ್ನುತ್ತಾರೆ. ಹಿಂದೆ ನಮ್ಮ ಕಡೆ ವಾರಾನ್ನದ ಹುಡುಗರಿಗೆ ದಿನಕ್ಕೊಂದು ಮನೆಯಲ್ಲಿ ಊಟ ಇರುತ್ತಿತ್ತಲ್ಲ, ಇಲ್ಲಿ ಇಡೀ ಸೀಸನ್ ಒಂದೇ ಮನೆ. ಖರ್ಚಿಗೆ ತಿಂಗಳಿಗೆ ಇಷ್ಟು ಅಂತ ತಂಡವೇ ಕೊಡುತ್ತದೆ. ಒಂಟಾರಿಯೊದ ದೊಡ್ಡ ಜೂನಿಯರ್ ಲೀಗಿನಲ್ಲಿ ಒಂದು ಸೀಸನ್‌ಗೆ 68 ಪಂದ್ಯ. ಶಾಲೆ, ಅಭ್ಯಾಸ, ಬಸ್ ಪ್ರಯಾಣ ಬೇರೆ. ಹುಡುಗನ ಸುಸ್ತು, ಸಿಟ್ಟು, ಹಸಿವು ಎಲ್ಲವೂ ಬರುವುದು ಈ ಮನೆಗೇ.

ನನ್ನ ಬಳಿ ಬಂದವರು ಕನ್ನಡದ ಗೃಹಿಣಿ. ಬೇಸ್‌ಮೆಂಟಿನ ಕೋಣೆ ಖಾಲಿ ಇತ್ತು, ಗಂಡನಿಗೆ ಹಾಕಿ ಹುಚ್ಚು. ಹದಿನೇಳರ ಹುಡುಗನೊಬ್ಬನನ್ನು ಇಟ್ಟುಕೊಂಡರು. ಆಕೆಗೂ ಅವನಿಗೂ ಚೆನ್ನಾಗಿ ಹೊಂದಿಕೊಂಡಿತ್ತು. ನಿದ್ದೆ ಬರುತ್ತಿಲ್ಲ ಅನ್ನುವುದೊಂದೇ ಆಕೆ ತಂದ ದೂರು.

ಮೊದಲ ಭೇಟಿಯಲ್ಲಿ ನಿದ್ದೆಯ ಮಾತಷ್ಟೇ ಆಯಿತು. ಎರಡನೆಯದು ಒಂದು ಮಂಗಳವಾರ. ‘ಎಚ್ಚರ ಇರುವಾಗ ಏನು ಮಾಡ್ತೀರಿ?’ ಅಂತ ಕೇಳಿದೆ.

‘ಕೆಳಗೆ ಹೋಗಿ ನೋಡಿ ಬರ್ತೀನಿ ಮೇಡಂ.’

‘ಏನನ್ನ?’

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹುಡುಗ ಉಸಿರಾಡ್ತಿದ್ದಾನಾ ಅಂತ.’

ಆಮೇಲೆ ಒಂದೊಂದಾಗಿ ಹೊರಬಂತು. ಹತ್ತು ದಿನದ ಹಿಂದಿನ ಪಂದ್ಯದಲ್ಲಿ ಯಾರೋ ಗುದ್ದಿದ ರಭಸಕ್ಕೆ ಹುಡುಗನ ತಲೆ ಅಂಚಿನ ಹಲಗೆಗೆ ಬಡಿದಿತ್ತು. ತಕ್ಷಣ ಎದ್ದು ಆಟ ಮುಗಿಸಿದ್ದ, ಹಾಗಾಗಿ ಯಾರೂ ಗಮನಿಸಲಿಲ್ಲ. ಮರುದಿನ ಬೆಳಿಗ್ಗೆ ಅಡುಗೆಮನೆಗೆ ಬಂದವನೇ ಮೇಜಿನ ಮೇಲಿನ ದೀಪ ಆರಿಸಿ ಅಂದ. ಐದು ದೋಸೆ ತಿನ್ನುವವನು ಒಂದನ್ನು ಅರ್ಧಕ್ಕೆ ಬಿಟ್ಟ. ಶಾಲೆಗೆ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಕೇಳಿ, ಉತ್ತರ ಸಿಕ್ಕ ಮೇಲೆ ಮತ್ತೆ ಅದನ್ನೇ ಕೇಳಿದ. ದಿನಾ ತಪ್ಪದೆ ಒಣಗಲು ಹಾಕುತ್ತಿದ್ದ ಗ್ಲೌಸು, ಪ್ಯಾಡು ಚೀಲದಲ್ಲೇ ಒದ್ದೆಯಾಗಿ ಉಳಿದು ನಾತ ಹೊಡೆಯುತ್ತಿದ್ದವು. ನೋವಿನ ಮಾತ್ರೆ ಟೈಲನಾಲ್‌ನ ಡಬ್ಬಿ ಖಾಲಿಯಾಗುತ್ತಾ ಬಂತು. ಆಕೆ ಕೇಳಿಯೇಬಿಟ್ಟರು. ತಲೆನೋವು ಹೌದು ಅಂದ. ‘ಪ್ಲೀಸ್, ಯಾರಿಗೂ ಹೇಳಬೇಡಿ. ಈ ಜೂನ್‌ನಲ್ಲಿ ನನ್ನ ಡ್ರಾಫ್ಟ್.’ ಇಲ್ಲಿನ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗಾದ ಎನ್‌ಎಚ್‌ಎಲ್‌ನ ತಂಡಗಳು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಅದು. ಆಕೆ ಮಾತು ಕೊಟ್ಟರು. ಗಂಡ, ‘ನಮಗ್ಯಾಕೆ ಊರ ಉಸಾಬರಿ, ನೋಡ್ಕೊಳ್ಳೋಕೆ ತಂಡ ಇದೆ’ ಅಂದರು.

ನಾನು ಇಷ್ಟೇ ಕೇಳಿದೆ. ‘ಅವನಿಗೆ ಏನೂ ಆಗಿಲ್ಲ ಅಂತ ನಿಮಗೆ ಅನ್ನಿಸಿದ್ದರೆ ರಾತ್ರಿ ಮೂರು ಗಂಟೆಗೆ ಯಾಕೆ ಕೆಳಗೆ ಹೋಗ್ತಿದ್ರಿ?’

ಆಕೆ ಅತ್ತರು. ‘ಹೇಳಿದ್ರೆ ನಂಬಿಕೆ ದ್ರೋಹ ಅಲ್ವಾ ಮೇಡಂ? ತಾಯಿಗೂ ಹೇಳದ್ದನ್ನ ನನಗೆ ಹೇಳಿದ್ದಾನೆ.’

ಅಲ್ಲೇ ನಾನು ಸ್ಪಷ್ಟವಾಗಿ ಹೇಳಿಬಿಟ್ಟೆ. ಮುಂದಿನ ಪಂದ್ಯ ಶುಕ್ರವಾರ, ಅಷ್ಟರೊಳಗೆ ವಿಷಯ ಅವನ ಮನೆಗೆ ಗೊತ್ತಾಗಬೇಕು. ಆದರೆ ಅವನಿಗೆ ತಿಳಿಯದಂತೆ ಹೇಳಬಾರದು. ಇವತ್ತು ಅವನು ಶಾಲೆಯಿಂದ ಬಂದ ಕೂಡಲೇ ಎದುರು ಕೂತು, ‘ನಾನು ಕೊಟ್ಟ ಮಾತನ್ನ ಉಳಿಸಿಕೊಳ್ಳಲ್ಲ, ನನಗೆ ಭಯ ಆಗ್ತಿದೆ. ನಿನ್ನ ಅಮ್ಮನಿಗೆ ನೀನೇ ಫೋನ್ ಮಾಡು, ನಾನು ಪಕ್ಕದಲ್ಲಿರ್ತೀನಿ. ನೀನು ಮಾಡದಿದ್ದರೆ ರಾತ್ರಿ ಊಟದೊಳಗೆ ನಾನೇ ಮಾಡ್ತೀನಿ’ ಅನ್ನಿ. ಆಮೇಲೆ ಆಟಗಾರರ ಗಾಯ ನೋಡಿಕೊಳ್ಳುವ ತಂಡದ ಟ್ರೇನರ್‌ಗೆ ತಿಳಿಸಿ. ನಾಳೆ ಡಾಕ್ಟರ್ ಹತ್ತಿರ ಹೋಗಲಿ. ಈ ನಡುವೆ ವಾಂತಿ, ಜಾಸ್ತಿಯಾಗುತ್ತಲೇ ಇರುವ ತಲೆನೋವು, ತೊದಲು ಮಾತು, ಎಬ್ಬಿಸಿದರೂ ಏಳದಂಥ ಮಂಪರು ಕಂಡರೆ ಯಾರನ್ನೂ ಕೇಳದೆ ತುರ್ತು ಸಹಾಯದ 911ಕ್ಕೆ ಫೋನ್ ಮಾಡಿ.

ನಮ್ಮ ವೃತ್ತಿಯವರು ಇದನ್ನು ಓದಿ ಹುಬ್ಬೇರಿಸಬಹುದು. ಬಂದವರು ತಾವೇ ದಾರಿ ಕಂಡುಕೊಳ್ಳಲು ಬಿಡಬೇಕು, ಹೀಗೆ ಮಾಡಿ ಅಂತ ಹೇಳಬಾರದು ಅನ್ನುವುದು ನಮ್ಮ ಪಾಠ. ಬಹುತೇಕ ಪ್ರಕರಣಗಳಲ್ಲಿ ನಾನೂ ಹಾಗೇ ನಡೆಯುತ್ತೇನೆ. ಆದರೆ ಇಲ್ಲಿ ಅಪಾಯದಲ್ಲಿದ್ದವನು ನನ್ನ ಕೋಣೆಗೆ ಬಂದವನಲ್ಲ. 2013ರಲ್ಲಿ ಒಟ್ಟಾವದ ರೋವನ್ ಸ್ಟ್ರಿಂಗರ್ ಅನ್ನುವ 17 ವರ್ಷದ ಹುಡುಗಿ ರಗ್ಬಿ ಆಡುವಾಗ ತಲೆಗೆ ಪೆಟ್ಟು ಬಿದ್ದು ತೀರಿಕೊಂಡಳು. ಕೆಲವೇ ದಿನ ಮೊದಲು ಬಿದ್ದಿದ್ದ ಪೆಟ್ಟು ಇನ್ನೂ ವಾಸಿಯಾಗಿರಲಿಲ್ಲ. ಕನ್ಕಷನ್, ಅಂದರೆ ತಲೆಪೆಟ್ಟಿನಿಂದ ಮಿದುಳಿಗೆ ಆಗುವ ಆಘಾತ, ಇರಬಹುದು ಅನ್ನುವ ಅನುಮಾನ ಅವಳಿಗೇ ಇತ್ತು. ಸ್ನೇಹಿತರಿಗೆ ಮೆಸೇಜ್ ಮಾಡಿದ್ದಳು, ದೊಡ್ಡವರಿಗೆ ಹೇಳಿರಲಿಲ್ಲ. 2018ರಲ್ಲಿ ಅವಳ ಹೆಸರಿನಲ್ಲೇ ಒಂಟಾರಿಯೊ ಕಾನೂನು ತಂದಿತು. ಕನ್ಕಷನ್ ಅನುಮಾನ ಬಂದ ಆಟಗಾರರನ್ನು ಆಟದಿಂದ ಹೊರಗೆ ಕೂರಿಸಲೇಬೇಕು. ಆದರೆ ಆ ಅನುಮಾನ ಯಾರಿಗಾದರೂ ಬರಬೇಕಲ್ಲ? ಟ್ರೇನರ್ ನೋಡುವುದು ಐಸ್ ಅಂಗಳವಾದ ರಿಂಕ್‌ನಲ್ಲಿ, ಅಲ್ಲಿ ಹುಡುಗ ಹಲ್ಲುಕಚ್ಚಿ ನಿಂತಿರುತ್ತಾನೆ. ಅರ್ಧಕ್ಕೆ ಬಿಟ್ಟ ದೋಸೆ ಕಾಣುವುದು ಮನೆಯವರಿಗೆ ಮಾತ್ರ.

ಇನ್ನು ನಂಬಿಕೆಯ ಮಾತು. ನನ್ನ ಹತ್ತಿರ ಬರುವವರ ಗುಟ್ಟನ್ನು ನಾನು ಕಾಯುತ್ತೇನೆ. ಆದರೂ ಜೀವಕ್ಕೆ ಅಪಾಯ ಇದ್ದರೆ ಹೇಳಬೇಕಾಗುತ್ತದೆ ಅಂತ ಮೊದಲ ದಿನವೇ ತಿಳಿಸಿರುತ್ತೇನೆ. ಅದನ್ನು ಕೇಳಿ ಎದ್ದು ಹೋದವರು ಇಲ್ಲವೇ ಇಲ್ಲ ಅನ್ನಬೇಕು. ನಮ್ಮ ಮನೆಗಳಲ್ಲಿ ಈ ಅಭ್ಯಾಸ ಇಲ್ಲ. ಮಕ್ಕಳು ಬಾಯಿಬಿಟ್ಟರೆ ಸಾಕು, ಆ ಖುಷಿಗೆ ಏನು ಬೇಕಾದರೂ ಮಾತು ಕೊಟ್ಟುಬಿಡುತ್ತೇವೆ. ಹದಿನೇಳರ ಹುಡುಗ ತನ್ನ ಭಯವನ್ನು ದೊಡ್ಡವರೊಬ್ಬರ ಮುಂದೆ ಬಾಯಿಬಿಟ್ಟು ಹೇಳುವುದು, ಅವರು ಏನಾದರೂ ಮಾಡಲಿ ಅಂತಲೂ ಹೌದು. ಇದು ನನ್ನ ಗಟ್ಟಿ ನಂಬಿಕೆ.

ಆಕೆ ಅವತ್ತೇ ಹೇಳಿದರು. ಹುಡುಗ ಕೂಗಾಡಿದ, ಬಾಗಿಲು ಬಡಿದುಕೊಂಡ. ಊಟದ ಹೊತ್ತಿಗೆ ತಾನೇ ಫೋನ್ ಮಾಡಿದ. ಡಾಕ್ಟರ್ ಕನ್ಕಷನ್ ಅಂದರು. ವಾರಗಟ್ಟಲೆ ಆಟ ತಪ್ಪಿತು. ಅಷ್ಟು ದಿನ ಅವನು ತನ್ನ ಊರಿನಲ್ಲೇ ಇದ್ದ. ಸೀಸನ್ ಮುಗಿಯುವ ಮೊದಲು ವಾಪಸ್ ಬಂದು ಆಡಿದ. ಆಕೆಯ ಜೊತೆ ಮಾತು ಮೊದಲಿನಷ್ಟು ಸಲೀಸಾಗಲಿಲ್ಲ. ಆ ನೋವು ಅವರಿಗೆ ಇವತ್ತಿಗೂ ಇದೆ. ಅದನ್ನು ಬಿಟ್ಟು ಬರೆದರೆ ನನ್ನ ಸಲಹೆ ಎಲ್ಲವನ್ನೂ ಸರಿಮಾಡಿತು ಅನ್ನಿಸುತ್ತದೆ. ಹಾಗೇನೂ ಆಗಲಿಲ್ಲ. ಆದರೆ ರಾತ್ರಿ ನಿದ್ದೆ ಮಾಡುತ್ತಿದ್ದಾರೆ.

ಮುಂದಿನ ಸೀಸನ್‌ಗೆ ಆ ಮನೆಗೆ ಇನ್ನೊಬ್ಬ ಹುಡುಗ ಬಂದ. ಬಿಡಲು ಬಂದ ತಂದೆ ತಾಯಿ ಇನ್ನೂ ಕಾಫಿ ಕುಡಿಯುತ್ತಿರುವಾಗಲೇ, ಅವರೆದುರಿಗೇ ಆಕೆ ಹೇಳಿದರಂತೆ: ‘ನೀನು ಹೇಳಿದ್ದೆಲ್ಲ ನನ್ನ ಹತ್ತಿರವೇ ಇರುತ್ತೆ. ಪೆಟ್ಟಾದರೆ ಮಾತ್ರ ಅಮ್ಮನಿಗೆ ಹೇಳ್ತೀನಿ.’