ದುಡ್ಡು ಸಾಲಲ್ಲ ಅಂತ ಬಂದ ಹುಡುಗ

(ಹುಡುಗನ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ತುಮಕೂರು ಕಡೆಯ ಹಳ್ಳಿಯ ಹುಡುಗ, 20 ವರ್ಷ. ಮಂಜು ಅಂತ ಕರೆಯೋಣ. ಎರಡು ವರ್ಷದ ಐಟಿಐ ಎಲೆಕ್ಟ್ರಿಷಿಯನ್ ಕೋರ್ಸ್ ಮುಗಿಸಿದ್ದ. ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಒಂದು ವರ್ಷದ ಅಪ್ರೆಂಟಿಸ್‌ಶಿಪ್ (ಸ್ಟೈಪೆಂಡ್ ಕೊಟ್ಟು ಕೆಲಸ ಕಲಿಸುವ ತರಬೇತಿ) ಸಿಕ್ಕಿತ್ತು. ಅಮ್ಮನೇ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆದುಕೊಂಡು ಬಂದಿದ್ದರು. "ಮೂರು ತಿಂಗಳು ಮನೆ ವೈರಿಂಗ್ ಕೆಲಸಕ್ಕೆ ಹೋಗ್ತಿದ್ದ. ಈಗ ಅದೂ ಬಿಟ್ಟ, ಇದೂ ಬೇಡ ಅಂತಾನೆ. ರಾತ್ರಿ ನಿದ್ದೆನೇ ಮಾಡಲ್ಲ" ಅಂದರು.

ಮಂಜು ಹೇಳಿದ್ದು ಒಂದೇ ಮಾತು. "ದುಡ್ಡು ಸಾಲಲ್ಲ ಮೇಡಂ."

ಅದು ಸುಳ್ಳೇನಲ್ಲ. 2019ರ ನಿಯಮದಲ್ಲಿ ಐಟಿಐ ಪಾಸಾದವರಿಗೆ ಇಟ್ಟ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂಪಾಯಿ. ಇವನಿಗೆ 9,000 ಕೊಡುತ್ತೇವೆ ಅಂದಿದ್ದರು. ಪಿಜಿ ಬಾಡಿಗೆ, ಓಡಾಟ ಕಳೆದರೆ ಮನೆಗೆ ಏನು ಉಳಿಯುತ್ತೆ? ಆದರೆ ದುಡ್ಡಿನ ಚಿಂತೆ ಇರುವವನು ದಿನಕ್ಕೆ 600 ಸಿಗುತ್ತಿದ್ದ ಕೆಲಸ ಯಾಕೆ ಬಿಟ್ಟ? ಅದು ನನ್ನ ತಲೆಯಲ್ಲೇ ಉಳಿಯಿತು.

ಎರಡನೇ ಸಲ ಒಬ್ಬನೇ ಬಾ ಅಂದೆ. ಮಾತಾಡುವಾಗೆಲ್ಲ ಬಲಗೈ ಹೆಬ್ಬೆರಳನ್ನು ಉಜ್ಜಿಕೊಳ್ಳುತ್ತಿದ್ದ. ಅದರ ಬುಡದಲ್ಲಿ ಕಡಲೆಕಾಳಿನಷ್ಟು ಬಿಳಿ ಕಲೆ. "ಇದೇನಪ್ಪಾ?" ಅಂದೆ. ತುಂಬಾ ಹೊತ್ತು ಸುಮ್ಮನಿದ್ದು ಹೇಳಿದ. ಬಲ್ಬಿನ ಹೋಲ್ಡರ್ ಬದಲಿಸುತ್ತಿದ್ದನಂತೆ. ಸ್ವಿಚ್ ಆಫ್ ಮಾಡಿದ್ದ, ಬಲ್ಬೂ ಆರಿತ್ತು. ಕೈ ಹಾಕಿದ ಕೂಡಲೇ ಶಾಕ್ ಹೊಡೆದು ಸ್ಟೂಲ್ ಮೇಲಿಂದ ಬಿದ್ದ. ಹಿಂದೆ ವೈರಿಂಗ್ ಮಾಡಿದವರು ಸ್ವಿಚ್ಚನ್ನು ಫೇಸ್‌ಗೆ (ಕರೆಂಟ್ ಬರುವ ತಂತಿ) ಕೊಡದೆ ನ್ಯೂಟ್ರಲ್‌ಗೆ (ವಾಪಸ್ ಹೋಗುವ ತಂತಿ) ಕೊಟ್ಟಿದ್ದರು. ಹಾಗೆ ಮಾಡಿದರೆ ಬಲ್ಬ್ ಆರುತ್ತೆ, ಹೋಲ್ಡರಿನಲ್ಲಿ ಕರೆಂಟ್ ಮಾತ್ರ ಹಾಗೇ ಇರುತ್ತೆ. ಜೊತೆಗಿದ್ದವರು ನಕ್ಕರು. ಮನೆಯಲ್ಲಿ ಇವನು ಬಾಯಿ ಬಿಡಲಿಲ್ಲ.

"ಆಫ್ ಅಂದ್ರೂ ನಂಬಕ್ಕೇ ಆಗ್ತಿಲ್ಲ ಮೇಡಂ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ."

"ನಂಬಲೇಬೇಡ. ಚೆಕ್ ಮಾಡೋದನ್ನ ಕಲಿ" ಅಂದೆ. ಧೈರ್ಯ ತಂದುಕೋ ಅಂತ ಹೇಳುವುದರಲ್ಲಿ ನನಗೆ ನಂಬಿಕೆ ಇಲ್ಲ. ಅವನನ್ನು ಕೇಳಿ, ಅವನ ಐಟಿಐ ಜೆಟಿಒಗೆ (ಕಿರಿಯ ತರಬೇತಿ ಅಧಿಕಾರಿ) ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ಮರುದಿನವೇ ವರ್ಕ್‌ಶಾಪಿಗೆ ಕರೆಸಿಕೊಂಡರು. ಅವರು ಹೇಳಿಕೊಟ್ಟಿದ್ದು ಇಷ್ಟು: ಮೊದಲು ಮೇನ್ ಆಫ್ ಮಾಡಿ ಬೀಗ ಹಾಕು, ಕೀ ನಿನ್ನ ಜೇಬಲ್ಲಿರಲಿ. ಆಮೇಲೆ ಕರೆಂಟ್ ಇದೆ ಅಂತ ಗೊತ್ತಿರುವ ಬೇರೆ ಕಡೆ ಟೆಸ್ಟರ್ ಇಟ್ಟು ನೋಡು, ಉರಿಯಬೇಕು. ನಂತರ ಕೆಲಸದ ಜಾಗದಲ್ಲಿ ಇಡು, ಉರಿಯಬಾರದು. ಮತ್ತೆ ಮೊದಲಿನ ಜಾಗದಲ್ಲೇ ಇಟ್ಟು ನೋಡು, ಟೆಸ್ಟರೇ ಕೆಟ್ಟಿರಬಹುದು ಅಲ್ವಾ? ಇದನ್ನು ಮೂರು ವಾರ ಮಾಡಿಸಿದರು. ಮೊದಲ ದಿನ ಕರೆಂಟ್ ಇಲ್ಲದ ಬೋರ್ಡ್ ಮುಟ್ಟುವಾಗಲೂ ಮಂಜುವಿನ ಅಂಗೈ ಬೆವರಿತ್ತಂತೆ. ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡೋಣ ಅಂದಿದ್ದೆ, ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು ಅಂತಲೂ ಹೇಳಿದ್ದೆ. ಎರಡನೇ ವಾರಕ್ಕೇ ನಿದ್ದೆ ಹತ್ತಿತು.

ಇನ್ನು ದುಡ್ಡಿನ ಮಾತು. 30 ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಅಂತ ಕಾನೂನಿದೆ. ಹಾಗಿರುವಾಗ ಪೀಣ್ಯವೇ ಯಾಕೆ? ಮನೆಯಿಂದ ಓಡಾಡುವಷ್ಟು ಹತ್ತಿರ, ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಅಷ್ಟೊಂದು ಕಾರ್ಖಾನೆಗಳಿವೆ, ಅಲ್ಲಿ ವಿಚಾರಿಸು ಅಂದೆ. ಎಲ್ಲೇ ಸೇರಿದರೂ ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ ನೋಡಿಕೋ. ಬಾಯಿಮಾತಿನ ಟ್ರೈನಿಂಗ್‌ಗೆ ಸೇರಬೇಡ. ಒಪ್ಪಂದ ಇದ್ದರೆ, ತರಬೇತಿಯಲ್ಲಿ ಪೆಟ್ಟಾದಾಗ ಪರಿಹಾರ ಕೇಳುವ ಹಕ್ಕಿದೆ. ವರ್ಷ ಮುಗಿದ ಮೇಲೆ ಅದೇ ಕಂಪನಿ ಕೆಲಸ ಕೊಡಲೇಬೇಕು ಅಂತೇನಿಲ್ಲ, ಅದನ್ನೂ ಮುಚ್ಚಿಡದೆ ಹೇಳಿದೆ. ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗುತ್ತೆ, ಅದು ಬೇರೆ ಕಡೆಯೂ ನಡೆಯುತ್ತೆ.

ಕೊನೆಯದಾಗಿ, ಶಾಕ್ ಹೊಡೆದ ವಿಷಯ ಅಮ್ಮನಿಗೆ ನೀನೇ ಹೇಳು ಅಂದೆ. ನನ್ನ ಎದುರಿಗೇ ಹೇಳಿದ. ಅವರು ಬೈಯಲಿಲ್ಲ. ಅವನ ಕೈ ಎಳೆದುಕೊಂಡು ಆ ಕಲೆಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಿ ಗ್ಲೌಸು, ಶೂ ಎಲ್ಲ ಅವರೇ ಕೊಡ್ತಾರಾ ಮೇಡಂ?" ಅಂತ ಕೇಳಿದರು.

ಈಗ ವಸಂತನರಸಾಪುರದ ಒಂದು ಕಾರ್ಖಾನೆಗೆ ಸೇರಿ ಆರು ವಾರವಾಗಿದೆ. ಸ್ಟೈಪೆಂಡ್ 8,500, ಬಾಡಿಗೆ ಖರ್ಚಿಲ್ಲ. ಪ್ಯಾನೆಲ್ ಬಾಗಿಲು ತೆಗೆಯುವಾಗ ಎದೆ ಇನ್ನೂ ಡವಗುಟ್ಟುತ್ತೆ ಅಂದ. ಅದನ್ನು ಸೀನಿಯರ್‌ಗೆ ಹೇಳಿದ್ದಾನೆ, ಅವರು ಪಕ್ಕದಲ್ಲೇ ನಿಲ್ಲುತ್ತಾರಂತೆ.