ರೈಜನ್ 5 5600, ಆರ್‌ಟಿಎಕ್ಸ್ 4060 ಜೋಡಿಗೆ ಹಳೆಯ 450 ವ್ಯಾಟ್ ಪವರ್ ಸಪ್ಲೈ ಸಾಕಾ?

ರೈಜನ್ 5 5600 ಪ್ರೊಸೆಸರ್ ತಗೊಂಡಾಗಿದೆ, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ತಗೊಳ್ಳಬೇಕು ಅಂತಿದ್ದೀರಿ, ಹಳೆಯ 450 ವ್ಯಾಟ್ ಪವರ್ ಸಪ್ಲೈ ಕೈಯಲ್ಲಿದೆ. ಯಾವುದೋ ಬಾಟಲ್‌ನೆಕ್ ಕ್ಯಾಲ್ಕುಲೇಟರ್ (ಯಾವ ಭಾಗ ಯಾವುದನ್ನು ತಡೆಯುತ್ತದೆ ಅಂತ ಹೇಳುವ ವೆಬ್‌ಸೈಟ್) ಪ್ರೊಸೆಸರ್ ಸಾಲದು ಅಂದಿದ್ದಕ್ಕೆ ರೈಜನ್ 7ಕ್ಕೆ ಹೋಗಲಾ ಅಂತ ಕೇಳಿದ್ದೀರಿ. ಬೇಡ. ಆ ದುಡ್ಡು ಇಟ್ಟುಕೊಳ್ಳಿ, ಪವರ್ ಸಪ್ಲೈಗೆ ಬೇಕಾಗಬಹುದು.

ಆ ಕ್ಯಾಲ್ಕುಲೇಟರ್‌ಗಳನ್ನು ನಾನು ನಂಬುವುದಿಲ್ಲ. ಯಾವ ಗೇಮ್, ಯಾವ ಸೆಟ್ಟಿಂಗ್, ಮಾನಿಟರ್ ಎಷ್ಟು ಹರ್ಟ್ಜ್ ಅಂತ ಸರಿಯಾಗಿ ಕೇಳದೆ ಶೇಕಡಾ ಲೆಕ್ಕ ಒಪ್ಪಿಸಿಬಿಡುತ್ತವೆ. ಸೈಬರ್‌ಪಂಕ್ 2077ರಲ್ಲಿ ಸೆಟ್ಟಿಂಗ್ ಏರಿಸುತ್ತಾ ಹೋದರೆ ಮೊದಲು ಸುಸ್ತಾಗುವುದು ಕಾರ್ಡ್. ವ್ಯಾಲೊರಂಟ್‌ನಲ್ಲಿ ಎಲ್ಲ ಲೋ ಇಟ್ಟು ಸೆಕೆಂಡಿಗೆ ನೂರಾರು ಫ್ರೇಮ್ (ಪರದೆಯ ಚಿತ್ರ) ಬೇಕೆಂದು ಹೊರಟರೆ ಸುಸ್ತಾಗುವುದು ಪ್ರೊಸೆಸರ್. ಪಿಸಿ ಅದೇ, ಉತ್ತರ ಬೇರೆ ಬೇರೆ.

ಕಾರ್ಡ್ ಬಂದ ಮೇಲೆ ನೀವೇ ನೋಡಿ. ಆಡುವಾಗ ಜಿಪಿಯು (ಕಾರ್ಡ್‌ನ ಚಿಪ್) ಬಳಕೆ ಶೇಕಡಾ 95ರಿಂದ 99ರಷ್ಟು ಇದ್ದರೆ ಕಾರ್ಡ್ ಪೂರ್ತಿ ದುಡಿಯುತ್ತಿದೆ, ಪ್ರೊಸೆಸರ್‌ಗಾಗಿ ಅದು ಕಾದು ಕೂತಿಲ್ಲ. ಅದು 60, 70ಕ್ಕೆ ಇಳಿದಿದ್ದರೆ ರೆಸಲ್ಯೂಷನ್ ಅನ್ನು 1080ಪಿ ಇಂದ 720ಪಿಗೆ ಇಳಿಸಿ, ಕಾರ್ಡ್‌ನ ಕೆಲಸ ಹಗುರಾಗುತ್ತದೆ. ಫ್ರೇಮ್ ಮಿತಿ, ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಎರಡೂ ಆಫ್ ಇರಲಿ. ಆಗಲೂ ಫ್ರೇಮ್ ಏರದಿದ್ದರೆ ತಡೆ ಪ್ರೊಸೆಸರ್ ಕಡೆ ಇದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು (ಅಂದರೆ ಪ್ರೊಸೆಸರ್) ಶೇಕಡಾ 40ರಷ್ಟು ಅಂತ ಕಂಡರೆ ಮೋಸಹೋಗಬೇಡಿ. ಪ್ರೊಸೆಸರ್ ಒಟ್ಟಿಗೆ ನಡೆಸುವ 12 ಥ್ರೆಡ್‌ಗಳ (ಕೆಲಸದ ಸಾಲುಗಳ) ಸರಾಸರಿ ಅದು. ಗೇಮ್ ನೆಚ್ಚಿಕೊಂಡ ಒಂದೇ ಥ್ರೆಡ್ ಅಷ್ಟರಲ್ಲೇ ಪೂರ್ತಿ ತುಂಬಿರಬಹುದು. ಹಾಂ, ರ್‍ಯಾಮ್ ಒಂದೇ ಕಡ್ಡಿ ಹಾಕಿದ್ದರೆ ಅದನ್ನು ಎರಡು ಮಾಡಿ ನೋಡಿ, ಆಮೇಲೆ ಪ್ರೊಸೆಸರ್‌ನ ಬೈಯಿರಿ.

ಈಗ ಪವರ್ ಸಪ್ಲೈ. ಪ್ರೊಸೆಸರ್, ಕಾರ್ಡ್ ಹೊಂದದಿದ್ದರೆ ನಾಲ್ಕು ಫ್ರೇಮ್ ಕಮ್ಮಿ ಬರುತ್ತವೆ, ಅಷ್ಟೇ. ಪವರ್ ಸಪ್ಲೈ ಸೋತರೆ ಆಟದ ಮಧ್ಯೆ ಪಿಸಿಯೇ ಆಫ್. ತೀರಾ ಕಳಪೆಯದಾದರೆ ಪಕ್ಕದ ಭಾಗಗಳನ್ನೂ ಕರೆದುಕೊಂಡು ಹೋಗಬಹುದು.

ಲೆಕ್ಕ ಮಾತ್ರ ಹಗುರವಾಗಿಯೇ ಇದೆ. 4060 ಎಳೆಯುವುದು 115 ವ್ಯಾಟ್, 5600 ಹೆಚ್ಚೆಂದರೆ 80ರ ಆಸುಪಾಸು. ಬೋರ್ಡ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿ ಇನ್ನೊಂದು 50 ಅಂದುಕೊಳ್ಳಿ. ಒಟ್ಟು 250 ಸುಮಾರು. ಎನ್‌ವಿಡಿಯಾ ಹೇಳುವುದು 550. ಯಾರ ಪಿಸಿಯಲ್ಲಿ ಎಂಥ ಪ್ರೊಸೆಸರ್ ಇರುತ್ತದೋ ಗೊತ್ತಿಲ್ಲದೆ ಹೇಳುವ ಅಂಕಿ ಅದು, ಧಾರಾಳವಾಗಿಯೇ ಇರುತ್ತದೆ. ಒಳ್ಳೆಯ 450 ಆದರೆ ಸಾಕು.

ಆದರೆ ನಿಮ್ಮದು ನಿಜಕ್ಕೂ 450ಯಾ? ಡಬ್ಬಿಯ ಪಕ್ಕದ ಲೇಬಲ್‌ನಲ್ಲಿ +12ವಿ ಸಾಲು ಹುಡುಕಿ. ಅಲ್ಲಿ 20 ಆಂಪ್ ಅಂತಿದ್ದರೆ 12 ಗುಣಿಸು 20, ಅಂದರೆ 240 ವ್ಯಾಟ್. ಕಾರ್ಡೂ ಪ್ರೊಸೆಸರೂ ಕೈಯೊಡ್ಡುವುದು ಬಹುಪಾಲು ಆ ಸಾಲಿಗೇ. ಮಿಕ್ಕ ವ್ಯಾಟ್ 5 ಮತ್ತು 3.3 ವೋಲ್ಟ್‌ನಲ್ಲಿ ಸುಮ್ನೆ ಕೂತಿರುತ್ತದೆ. 35 ಆಂಪ್ ಹತ್ತಿರ ಇದ್ದರೆ 420 ವ್ಯಾಟ್ ಆಯಿತು, ಧೈರ್ಯವಾಗಿ ಹಾಕಿ. ಆ +12ವಿ ಸಾಲು ಎರಡು ರೈಲ್ (12ವಿ1, 12ವಿ2 ಅಂತ ಎರಡು ಭಾಗ) ತೋರಿಸಿದರೆ ಆಂಪ್ ಕೂಡಿಸಬೇಡಿ, ಕೆಳಗೆ ಬರೆದ ಒಟ್ಟು ವ್ಯಾಟ್ ನೋಡಿ. 80 ಪ್ಲಸ್ ಸ್ಟಿಕ್ಕರ್ ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಅಂತ ಮಾತ್ರ, ಗುಣಮಟ್ಟದ ಗ್ಯಾರಂಟಿ ಅಲ್ಲ.

ಕಾರ್ಡ್‌ಗೆ ಬೇಕಾದ 8 ಪಿನ್ ವೈರ್ ಪವರ್ ಸಪ್ಲೈಯಲ್ಲೇ ಇಲ್ಲದಿದ್ದರೆ ಮೋಲೆಕ್ಸ್ (ಹಳೆಯ 4 ಪಿನ್ ವೈರ್) ಕನ್ವರ್ಟರ್ ಹುಡುಕಲು ಹೋಗಬೇಡಿ. ಆ ಪವರ್ ಸಪ್ಲೈ ಇಂಥ ಕಾರ್ಡ್‌ಗೆ ಮಾಡಿದ್ದಲ್ಲ ಅಂತ ಲೆಕ್ಕ. ರೈಜನ್ 7ಕ್ಕೆ ಅಂತ ಇಟ್ಟ ದುಡ್ಡಲ್ಲಿ ಒಳ್ಳೆಯ 550 ತಗೊಳ್ಳಿ.