ಹೊಸ ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ತುಂಬಾ ಸೆನ್ಸಿಟಿವ್, ಆಫ್ ಮಾಡಿ ಮೌಸ್ ತಗೊಳ್ಳಲೇ?

ಬೇಡ ಮಾರಾಯ್ರೇ, ಎರಡೂ ಬೇಡ. ಟೈಪ್ ಮಾಡುತ್ತಿದ್ದಂತೆ ಕರ್ಸರ್ ತಾನಾಗಿ ಮೇಲಿನ ಸಾಲಿಗೆ ಹಾರುತ್ತದೆ ಅಂತ ಬರೆದಿದ್ದೀರಲ್ಲ, ಆ ಕಾಟ ನನಗೆ ಚೆನ್ನಾಗಿ ಗೊತ್ತು.

ಬದಿಯಡ್ಕದಲ್ಲಿ ನನ್ನದು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಜೋಡಿಸುವ ಕೆಲಸ. ಮದುವೆ, ಉಪನಯನ, ಜಾತ್ರೆಗಳ ಹೇಳಿಕೆ ಕಾಗದವೇ ಜಾಸ್ತಿ. ಹಳೆಯ ಲ್ಯಾಪ್‌ಟಾಪ್‌ನ ಪ್ಯಾಡ್ ಇಸ್ಪೀಟು ಎಲೆಯಷ್ಟಿತ್ತು. ಹೊಸದರ ಪ್ಯಾಡ್ ಎಷ್ಟು ಅಗಲ ಅಂದರೆ ಟೈಪ್ ಮಾಡುವಾಗ ಹೆಬ್ಬೆರಳಿನ ಬುಡ ಅದರ ಮೇಲೆಯೇ ಕೂರುತ್ತದೆ. ಅದು ಸ್ವಲ್ಪ ತಾಗಿದರೂ ಪ್ಯಾಡ್‌ಗೆ ಅದೊಂದು ಕ್ಲಿಕ್.

ಕನ್ನಡದಲ್ಲಿ ಇದರ ಪೆಟ್ಟು ಜೋರು. ವ್ಯಂಜನ ಒತ್ತಿ, ಗುಣಿತದ ಕೀ ಒತ್ತುವಷ್ಟರಲ್ಲಿ ಕರ್ಸರ್ ಹಾರಿದರೆ ವ್ಯಂಜನ ಇಲ್ಲೇ ಉಳಿಯುತ್ತದೆ, ಗುಡಿಸು ಹೋಗಿ ಮೇಲಿನ ಯಾವುದೋ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಆ ಸಾಲನ್ನು ಆಗಲೇ ಓದಿ ಮುಗಿಸಿರುತ್ತೇವೆ, ಮತ್ತೆ ಕಣ್ಣು ಹಾಯುವುದಿಲ್ಲ. ಒಂದು ಮದುವೆ ಕಾಗದದಲ್ಲಿ ಅಜ್ಜನ ಹೆಸರಿನ ಕೊನೆಯ ‘ಯ್ಯ’ ಹೀಗೆಯೇ ‘ಯ್ಯಿ’ ಆಗಿ ಅಚ್ಚಾಯಿತು. ತೀರಿಹೋದ ಅಜ್ಜ. ಮನೆಯವರು ಬೈಯಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟು ಆ ಅಕ್ಷರದ ಮೇಲೆ ಬೆರಳಿಟ್ಟರು, ಅಷ್ಟೆ. ಪೂರ್ತಿ ಕಾಗದ ನನ್ನ ಖರ್ಚಿನಲ್ಲೇ ಮತ್ತೆ ಅಚ್ಚಾಯಿತು.

ಅದಕ್ಕೆ ಮೊದಲು ನಾನು ಸುಮ್ನೆ ಕೂತಿರಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಕರ್ಸರ್ ಸ್ಪೀಡ್ ಪೂರ್ತಿ ಕಡಿಮೆ ಮಾಡಿದ್ದೆ. ತಪ್ಪಿದ್ದು ಅಲ್ಲೇ. ನೀವೂ ಈಗ ಅದನ್ನೇ ಮಾಡಿರುತ್ತೀರಿ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಸ್ಪೀಡ್ ಅಂದರೆ ಬೆರಳು ಇಷ್ಟು ಸರಿದರೆ ಬಾಣ ಎಷ್ಟು ಸರಿಯಬೇಕು ಅನ್ನುವ ಲೆಕ್ಕ ಮಾತ್ರ. ಆದರೆ ನಮ್ಮ ಕರ್ಸರ್ ಹಾರುವುದು ಬೆರಳು ಸರಿದದ್ದಕ್ಕಲ್ಲ, ತಟ್ಟಿದ್ದಕ್ಕೆ. ತಟ್ಟಿದಾಗ ಬಾಣ ಪರದೆಯಲ್ಲಿ ಎಲ್ಲಿ ನಿಂತಿರುತ್ತದೋ ಬರೆಯುವ ಜಾಗವೂ ಅಲ್ಲಿಗೇ ಹೋಗುತ್ತದೆ. ಬಾಣ ಎಷ್ಟೇ ನಿಧಾನವಾದರೂ ತಟ್ಟಿದ್ದು ತಟ್ಟಿದ್ದೇ ಅಲ್ವಾ? ನನಗೆ ಸಿಕ್ಕಿದ್ದು ನಿಧಾನದ ಬಾಣ, ಹಾರಾಟ ಹಾಗೇ ಉಳಿಯಿತು. ಸರಿ ಮಾಡಿದ್ದೇನೆ ಅನ್ನುವ ಧೈರ್ಯದಲ್ಲಿ ಪ್ರೂಫ್ ಬೇರೆ ಬೇಗ ಬೇಗ ನೋಡಿಬಿಟ್ಟೆ.

ಮಾಡಬೇಕಾದ್ದು ಇದು. ವಿಂಡೋಸ್ 11 ಆದರೆ ಸೆಟ್ಟಿಂಗ್ಸ್, ಬ್ಲೂಟೂತ್ ಆ್ಯಂಡ್ ಡಿವೈಸಸ್, ಟಚ್‌ಪ್ಯಾಡ್. ವಿಂಡೋಸ್ 10ರಲ್ಲಿ ಡಿವೈಸಸ್ ಒಳಗೆ ಸಿಗುತ್ತದೆ. ಒಂದು ಬೆರಳಲ್ಲಿ ತಟ್ಟಿದರೆ ಕ್ಲಿಕ್ ಆಗುವ ಆಯ್ಕೆಯ ಟಿಕ್ ತೆಗೆಯಿರಿ. ಪ್ಯಾಡ್‌ನ ಕೆಳಭಾಗ ಒತ್ತಿದರೆ ಕ್ಲಿಕ್ ಆಗುತ್ತಲೇ ಇರುತ್ತದೆ, ಎರಡು ಬೆರಳಿನ ಸ್ಕ್ರಾಲ್‌ಗೂ ಏನೂ ಆಗುವುದಿಲ್ಲ. ಅಲ್ಲೇ ಸೆನ್ಸಿಟಿವಿಟಿಯನ್ನು ಲೋ ಮಾಡಿ. ಆಗ ಕೀ ಒತ್ತಿದ ಮೇಲೆ ಸ್ವಲ್ಪ ಹೊತ್ತು ಅಕಸ್ಮಾತ್ ತಾಗಿದ್ದನ್ನು ಪ್ಯಾಡ್ ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಮೌಸ್ ಯಾಕೆ ಬೇಡ ಅಂದೆ ಅಂದರೆ, ಅದನ್ನು ಸಿಕ್ಕಿಸಿದ ಮಾತ್ರಕ್ಕೆ ಪ್ಯಾಡ್ ಆಫ್ ಆಗುವುದಿಲ್ಲ. ಮೌಸ್ ಇದ್ದಾಗಲೂ ಪ್ಯಾಡ್ ಆನ್ ಇರಲಿ ಅನ್ನುವ ಟಿಕ್ ಸಾಮಾನ್ಯವಾಗಿ ಮೊದಲೇ ಹಾಕಿರುತ್ತದೆ. ದುಡ್ಡೂ ಹೋಯಿತು, ಕಾಟವೂ ಉಳಿಯಿತು.

ಇಷ್ಟಾದರೂ ಬಾಣ ನಡುಗಿದರೆ ಚಾರ್ಜರ್ ಎಳೆದು ಬ್ಯಾಟರಿಯಲ್ಲಿ ನೋಡಿ. ಪ್ಯಾಡ್ ಗುರುತು ಹಿಡಿಯುವುದು ಬೆರಳಿನ ಭಾರವನ್ನಲ್ಲ. ಬೆರಳು ಬಂದಾಗ ಅದರೊಳಗಿನ ಸಣ್ಣ ವಿದ್ಯುತ್ ಕ್ಷೇತ್ರ ಬದಲಾಗುತ್ತದೆ, ಅದನ್ನು. ಕೈ ಬೆವರಿದ್ದರೆ, ಅರ್ತಿಂಗ್ ಸರಿ ಇಲ್ಲದಿದ್ದರೆ ಅದಕ್ಕೆ ಗೊಂದಲ. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿತೆಂದರೆ ಅರ್ತಿಂಗ್ ಸೋಲುತ್ತದೆ. ನನ್ನ ಅಂಗಡಿಯಲ್ಲಿ ಚಾರ್ಜರ್ ತೆಗೆದ ಕೂಡಲೇ ನಡುಕ ನಿಂತಿತು. ಅರ್ತ್ ಹೊಂಡಕ್ಕೆ ನೀರು ಹೊಯ್ದ ಮೇಲೆ ಚಾರ್ಜ್ ಹಾಕಿದರೂ ಸರಿ ಇತ್ತು. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಅಡಾಪ್ಟರ್‌ಗೆ ಸಿಕ್ಕಿಸಿದ್ದರೆ ಆ ಅಡಾಪ್ಟರನ್ನು ಮೊದಲು ಬಿಸಾಡಿ, ಅದರಲ್ಲಿ ಅರ್ತ್ ಪಿನ್ನೇ ಇಲ್ಲ. ಬ್ಯಾಟರಿಯಲ್ಲೂ, ಒಣಗಿದ ಕೈಯಲ್ಲೂ ಬಾಣ ಓಡಿದರೆ ಆಗ ದೋಷ ಪ್ಯಾಡಿನದ್ದೇ. ವಾರಂಟಿ ಇರುವಾಗಲೇ ಕೊಟ್ಟು ಬದಲಾಯಿಸಿಕೊಳ್ಳಿ.